ವೈದ್ಯರನ್ನು ಕೇಳಿ: ಹಿಗ್ಗಿದ ಹೃದಯಕ್ಕೆ ಕಸಿಯೊಂದೇ ದಾರಿಯೇ?

ಪ್ರಶ್ನೆ: ನಮ್ಮ ಒಂಬತ್ತು ತಿಂಗಳ ಮಗುವಿಗೆ ಡೈಲೇಟೆಡ್ ಕಾರ್ಡಿಯೋಮಯೋಪತಿ (ಹೃದಯ ಹಿಗ್ಗಿ ದುರ್ಬಲವಾಗುವ ಕಾಯಿಲೆ). ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್, ಅಂದರೆ ಪ್ರತಿ ಬಡಿತಕ್ಕೆ ಎಡ ಕುಕ್ಷಿ ಹೊರತಳ್ಳುವ ರಕ್ತದ ಪಾಲು, ಶೇ. 20. ಹೃದಯ ಕಸಿಯೇ ಗತಿ ಎಂದಿದ್ದಾರೆ. ಜರ್ಮನಿಯಲ್ಲಿ ರಕ್ತನಾಳಕ್ಕೆ ಬ್ಯಾಂಡ್ ಕಟ್ಟಿ ಗುಣಪಡಿಸುತ್ತಾರಂತೆ, ನಿಜವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಜ, ಆದರೆ ಎಲ್ಲ ಮಕ್ಕಳಿಗಲ್ಲ. ಅದಕ್ಕೂ ಮೊದಲು, ಸರಿಪಡಿಸಬಹುದಾದ ಕಾರಣವೇನಾದರೂ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಎಡ ಕರೋನರಿ ನಾಳ ಮಹಾಪಧಮನಿಯ ಬದಲು ಶ್ವಾಸಕೋಶದ ಧಮನಿಯಿಂದ ಹೊರಟಿದ್ದರೂ ಹೃದಯ ಹೀಗೇ ಹಿಗ್ಗುತ್ತದೆ. ಅಲ್ಕಾಪಾ ಎಂಬ ಈ ದೋಷ ಎಕೋದಲ್ಲಿ ಕಣ್ತಪ್ಪುವುದುಂಟು. ಇಸಿಜಿಯ ಒಂದನೇ ಮತ್ತು ಎವಿಎಲ್ ಲೀಡ್‌ಗಳಲ್ಲಿ ಆಳವಾದ ಕ್ಯೂ ಅಲೆ ಕಂಡರೆ ಸಿಟಿ ಆಂಜಿಯೋ (ರಕ್ತನಾಳಗಳ ಸ್ಕ್ಯಾನ್) ಆಗಲೇಬೇಕು. ನಾಳವನ್ನು ಸರಿಯಾದ ಜಾಗಕ್ಕೆ ಜೋಡಿಸಿದರೆ ಬಹುತೇಕ ಮಕ್ಕಳ ಹೃದಯ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ವಿಟಮಿನ್ ಡಿ ಹನಿ ಹಾಕದೆ ಎದೆಹಾಲಲ್ಲೇ ಬೆಳೆದ ಕೂಸಾದರೆ ಕ್ಯಾಲ್ಸಿಯಂ, ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಈ ಕೊರತೆಯಿಂದ ಸೋತ ಹೃದಯಕ್ಕೆ ಶಸ್ತ್ರಚಿಕಿತ್ಸೆಯೇ ಬೇಡ. ಇದನ್ನು ನೋಡದೆ ಕಸಿಯ ಮಾತೆತ್ತುವುದು ತಪ್ಪು.

ಇನ್ನು ನೀವು ಕೇಳಿದ ಬ್ಯಾಂಡ್. ಶ್ವಾಸಕೋಶಕ್ಕೆ ನುಗ್ಗುವ ರಕ್ತ ತಗ್ಗಿಸಲು ಅದರ ಧಮನಿಗೆ ಬ್ಯಾಂಡ್ ಕಟ್ಟುವ ವಿಧಾನ 1952ರಷ್ಟು ಹಳೆಯದು. ಅದನ್ನೇ ಸೋತ ಎಡ ಹೃತ್ಕುಕ್ಷಿಗೆ (ದೇಹಕ್ಕೆ ರಕ್ತ ತಳ್ಳುವ ಹೃದಯದ ಕೋಣೆ) ಬಳಸಿದವರು ಜರ್ಮನಿಯ ಗೀಸನ್‌ನ ಮಕ್ಕಳ ಹೃದ್ರೋಗ ತಜ್ಞ ಡೀಟ್ಮಾರ್ ಶ್ರಾಂಟ್ಸ್ ತಂಡದವರು. ಅವರ ಮೊದಲ ವರದಿ 2007ರದು. ಹಿಗ್ಗಿದ ಎಡ ಕುಕ್ಷಿ ನಡುಗೋಡೆಯನ್ನು ಬಲಕ್ಕೆ ಒತ್ತಿರುತ್ತದೆ. ಶ್ವಾಸಕೋಶದ ಧಮನಿಗೆ ಬ್ಯಾಂಡ್ ಬಿಗಿದಾಗ ಬಲ ಕುಕ್ಷಿಯ ಒತ್ತಡ ಏರಿ ಗೋಡೆ ನಡುವಿಗೆ ಮರಳುತ್ತದೆ, ಎಡ ಕುಕ್ಷಿ ಕುಗ್ಗುತ್ತದೆ, ಹೃದಯದ ಎಡಭಾಗದ ಮೈಟ್ರಲ್ ಕವಾಟದ ಸೋರಿಕೆಯೂ ತಗ್ಗುತ್ತದೆ.

ಬಲ ಕುಕ್ಷಿ ಗಟ್ಟಿಯಾಗಿದ್ದರೆ ಮಾತ್ರ ಇದು ಸಾಧ್ಯ. ಎಕೋ ನೋಡುತ್ತಲೇ, ಬಲ ಕುಕ್ಷಿಯ ಒತ್ತಡ ದೇಹದ ರಕ್ತದೊತ್ತಡದ ಸುಮಾರು ಅರ್ಧದಿಂದ ಮೂರನೇ ಎರಡರಷ್ಟು ಆಗುವವರೆಗೆ ಬಿಗಿಯುತ್ತಾರೆ. ಹೆಚ್ಚು ಬಿಗಿದರೆ ಬಲ ಕುಕ್ಷಿಯೂ ಸೋತು ರಕ್ತದೊತ್ತಡ ಕುಸಿಯುತ್ತದೆ. ಬ್ಯಾಂಡ್ ಜಾರಿದರೆ ಧಮನಿಯ ಕವಲು ಕಿರಿದಾಗುತ್ತದೆ. ಮಗು ಬೆಳೆದಂತೆ ಬಿಗಿ ತಾನಾಗಿಯೇ ಹೆಚ್ಚುವುದರಿಂದ ಮೊದಲಿಗೆ ತುಸು ಸಡಿಲವೇ ಲೇಸು.

ಪ್ರಶ್ನೆ: ಬ್ಯಾಂಡ್ ಹಾಕಿದ ಮೇಲೆ ಔಷಧ ನಿಲ್ಲಿಸಬಹುದೇ? ಬ್ಯಾಂಡ್ ತೆಗೆಯಲು ಮತ್ತೆ ಎದೆ ಸೀಳಬೇಕೇ?

ಉತ್ತರ: ಔಷಧ ನಿಲ್ಲಿಸಬೇಡಿ, ಹೃದಯದ ಹೊರೆ ಇಳಿಸುವ ಬೀಟಾ ಬ್ಲಾಕರ್, ಎಸಿಇ ತಡೆ ಔಷಧ, ಸ್ಪೈರೊನೊಲ್ಯಾಕ್ಟೋನ್ ಬ್ಯಾಂಡ್‌ನ ಜೊತೆಗೇ ಸಾಗಬೇಕು. ಎಡ ಕುಕ್ಷಿ ಚೇತರಿಸಿದ ಮೇಲೆ ಸಾಮಾನ್ಯವಾಗಿ ತೊಡೆಯ ನಾಳದಿಂದ ಬಲೂನ್ ಕಳಿಸಿ ಹಂತಹಂತವಾಗಿ ಸಡಿಲಿಸುತ್ತಾರೆ. ಕರ್ನಾಟಕದಲ್ಲಿದ್ದರೆ ಅಂಗಾಂಗ ಹಂಚಿಕೆಯ ಸಂಸ್ಥೆ ಜೀವಸಾರ್ಥಕತೆಯಲ್ಲಿ ಕಸಿಗೆ ಹೆಸರು ನೋಂದಾಯಿಸುವುದನ್ನು ಮುಂದೂಡಬೇಡಿ. ಬ್ಯಾಂಡ್ ಫಲಿಸದಿದ್ದರೆ ಕಸಿಯವರೆಗೆ ಹೃದಯದ ಬದಲು ರಕ್ತ ತಳ್ಳುವ ಬರ್ಲಿನ್ ಹಾರ್ಟ್ ಯಂತ್ರವಿದೆ. ಅದರ ಅತಿ ಚಿಕ್ಕ ಪಂಪ್ 10 ಮಿಲಿಲೀಟರಿನದು, ಆದರೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಆಘಾತವಾಗುವ ಅಪಾಯ ಅದರಲ್ಲಿದೆ.