ಹಂಪಿ ಟ್ರಿಪ್ಪಿನಿಂದ ಬಂದ ಮಗಳು ಯಾಕ ಸುಮ್ಮನಾದ್ಲು?

ಪ್ರಶ್ನೆ: ಅಕ್ಕಾ ನಮಸ್ಕಾರ, ನಾವು ಸಿಂಧನೂರಿನವರು. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ನಾಲ್ಕೂವರೆ. ಹೋದ ಮೇ ತಿಂಗಳು ಮೈದುನನ ಫ್ಯಾಮಿಲಿ ಜೊತಿ ಒಂದೇ ಗಾಡ್ಯಾಗ ಹಂಪಿಗೆ ಹೋಗಿದ್ವಿ, ಒಂದೇ ದಿನದಾಗ ಅಂಜನಾದ್ರಿ, ಹಂಪಿ, ತುಂಗಭದ್ರಾ ಡ್ಯಾಂ ಎಲ್ಲಾ ಮುಗಿಸೋ ಪ್ಲಾನ್ ಇತ್ತು. ಗಂಗಾವತಿ ಮುಟ್ಟೋದ್ರೊಳಗ ಮಗ ಎರಡು ಸಲ ವಾಂತಿ ಮಾಡ್ಕೊಂಡ, ಅಂಜನಾದ್ರಿ ಮೆಟ್ಲ ಮ್ಯಾಲೆ ಎತ್ಕೋ ಅಂತ ಅತ್ತ, ವಿಜಯ ವಿಠ್ಠಲ ಗುಡಿ ಮುಂದ ನೆಲಕ್ಕ ಬಿದ್ದು ಹೊಳ್ಳಾಡಿದ. ನಮ್ಮನೆಯವ್ರು ಎಲ್ಲರ ಮುಂದನ ಅವನಿಗೆ ಹೊಡದ್ರು. ಆಮ್ಯಾಲೆ ಮೊಬೈಲ್ ಕೊಟ್ಟು ಸುಮ್ಮನ ಮಾಡಿದ್ವಿ. ಮಗಳು ಪಾಪ ದಿನಾ ಪೂರ್ತಿ ತಮ್ಮನ್ನ ಹಿಡ್ಕೊಂಡಿದ್ಲು, ವಾಪಸ್ ಬರುವಾಗ ಒಂದು ಮಾತಾಡ್ಲಿಲ್ಲ, ಮನಿಗೆ ಬಂದು ನಾನಿನ್ನ ಎಲ್ಲಿಗೂ ಬರಲ್ಲ ಅಂದ್ಲು. ಈಗ ದಸರಾ ರಜೆಗೆ ಮತ್ತ ಪ್ಲಾನ್ ನಡದೈತಿ. ನಮ್ಮನೆಯವ್ರು ಮಕ್ಕಳನ್ನ ತವರುಮನಿಗೆ ಬಿಟ್ಟು ನಾವಷ್ಟ ಹೋಗೋಣ ಅಂತಾರ. ಅತ್ತಿ ನಿನಗ ಮಕ್ಕಳನ್ನ ಸಂಭಾಳ್ಸೋಕ ಬರಲ್ಲ ಅಂತಾರ. ಬಿಟ್ಟು ಹೋಗಾಕ ಮನಸ್ಸಿಲ್ಲ, ಕರ್ಕೊಂಡು ಹೋಗಾಕ ಧೈರ್ಯ ಇಲ್ಲ. ಏನ್ ಮಾಡ್ಲಿ?

ಉತ್ತರ:

ತಂಗೀ, ನಿಮ್ಮ ಪತ್ರ ಉದ್ದ ಇತ್ತು, ಇಲ್ಲಿ ಅರ್ಧ ಅಷ್ಟ ಹಾಕೀವಿ, ಆದ್ರ ನಾನು ಪೂರ್ತಿ ಓದೀನಿ, ಎರಡು ಸಲ ಓದೀನಿ. ಎರಡನೇ ಸಲ ಓದುವಾಗ ಒಂದು ಕಣ್ಣಿಗೆ ಬಿತ್ತು. ಪತ್ರ ಇರೋದೆಲ್ಲಾ ಮಗನ ಬಗ್ಗೆ, ಅವನ ವಾಂತಿ, ಅವನ ಹಠ, ಅವನಿಗೆ ಬಿದ್ದ ಏಟು. ಮಗಳು ನಡುನಡುವ ನಾಲ್ಕು ಸಲ ಬರ್ತಾಳ, ನಾಲ್ಕೂ ಸಲ ತಮ್ಮನ್ನ ಹಿಡ್ಕೊಂಡೇ ಬರ್ತಾಳ. ತಮ್ಮನ್ನ ಹಿಡ್ಕೊಂಡಿದ್ಲು, ತಮ್ಮಗ ನೀರು ಕುಡಿಸಿದ್ಲು, ತಮ್ಮನ ಚಪ್ಪಲಿ ಹುಡುಕ್ಕೊಂಡು ಬಂದ್ಲು, ತಮ್ಮನ ಜೊತಿ ಗಾಡ್ಯಾಗ ಕುಂತ್ಲು. ಆಕಿ ಹಂಪಿಯೊಳಗ ಏನ್ ನೋಡಿದ್ಲು ಅಂತ ಒಂದು ಸಾಲಿಲ್ಲ. ನೀವು ಮರೆತು ಬಿಟ್ಟಿಲ್ಲ, ಆಕಿ ಏನೂ ನೋಡೇ ಇಲ್ಲ, ಅದಕ್ಕ ಇಲ್ಲ. ಒಂಬತ್ತು ವರ್ಷದ ಹುಡುಗಿ ಮೇ ತಿಂಗಳ ಬಿಸಿಲಾಗ ದಿನಾ ಪೂರ್ತಿ ಕೂಸು ಆಡಿಸಿ ಬಂದಾಳ, ಅದಕ್ಕ ನಾವು ಟ್ರಿಪ್ ಅಂತ ಹೆಸರಿಟ್ಟೀವಿ. ನಾನಿನ್ನ ಎಲ್ಲಿಗೂ ಬರಲ್ಲ ಅಂದಿದ್ದು ಸಿಟ್ಟಿನ ಮಾತಲ್ಲ, ಆಕಿ ಲೆಕ್ಕ ಹಾಕೇ ಹೇಳ್ಯಾಳ.

ಅದಕ್ಕ ಮೊದಲ ಹೇಳಿಬಿಡ್ತೀನಿ, ಮಕ್ಕಳನ್ನ ಬಿಟ್ಟು ಹೋಗಬ್ಯಾಡ್ರಿ, ಈ ಸಲ ಅಂತೂ ಬ್ಯಾಡ. ಗಂಡ ಹೆಂಡತಿ ಇಬ್ಬರ ಎಲ್ಲಿಗಾದ್ರೂ ಹೋಗೋದು ತಪ್ಪಲ್ಲ, ಒಳ್ಳೇದು, ಬ್ಯಾರೆ ಯಾವಾಗಾದ್ರೂ ಖುಷಿಯಿಂದ ಹೋಗ್ರಿ. ಆದ್ರ ಈಗ ಬಿಟ್ಟು ಹೋದ್ರ ಆ ನಾಲ್ಕೂವರೆ ವರ್ಷದವಗ, ನಾನು ಅತ್ತಿದ್ದಕ್ಕ ನನ್ನ ಬಿಟ್ಟು ಹೋದ್ರು ಅಂತ ತಲ್ಯಾಗ ಕುಂತುಬಿಡ್ತೈತಿ, ಮಗಳಿಗೆ ತವರುಮನ್ಯಾಗೂ ಅದ ಡ್ಯೂಟಿ ಬೀಳ್ತೈತಿ.

ಇನ್ನ ಮಗನ ಹಠದ ವಿಷಯಕ್ಕ ಬರ್ತೀನಿ. ಅದು ಹಠ ಅಲ್ಲ ತಂಗೀ. ಆ ದಿನ ಅವನ ಮೈಯೊಳಗ ಏನೇನ್ ಆಗಿತ್ತು ನೋಡ್ರಿ. ಗಾಡ್ಯಾಗ ಹಿಂದಿನ ಸೀಟು, ಕೈಯಾಗ ಮೊಬೈಲ್ ಇತ್ತು ಅಂತ ನೀವ ಬರದೀರಿ. ಕಿವಿ ಒಳಗಿರೋ ಬ್ಯಾಲೆನ್ಸಿನ ಅಂಗ ನಾವು ಓಡಾಕತ್ತೀವಿ ಅಂತ ಹೇಳ್ತೈತಿ, ಮೊಬೈಲ್ ನೋಡೋ ಕಣ್ಣು ಇಲ್ಲ ಇಲ್ಲ ನಾವು ನಿಂತಲ್ಲೇ ಅದೀವಿ ಅಂತೈತಿ, ಈ ಎರಡು ಸುದ್ದಿ ತಾಳ ಆಗದ ಹೊಟ್ಟಿ ತೊಳಸ್ತೈತಿ. ಎರಡು ವರ್ಷದಿಂದ ಹನ್ನೆರಡರ ತನಕದ ಮಕ್ಕಳಿಗೆ ಇದು ಭಾಳ, ದೊಡ್ಡವರಾದಂಗ ಕಡಿಮಿ ಆಗ್ತೈತಿ. ಮ್ಯಾಲೆ ಬೆಳಿಗ್ಗೆ ಕಾರಟಗಿಯೊಳಗ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಿನಿಸೀರಿ. ನಮಗ ಅದು ನಾಷ್ಟಾ, ಓಡೋ ಗಾಡ್ಯಾಗಿನ ಕೂಸಿಗೆ ಕರದ ಎಣ್ಣಿ ಹೊಟ್ಟ್ಯಾಗ ಕುಂದ್ರಲ್ಲ. ಎರಡು ಸಲ ವಾಂತಿ ಆದ ಮ್ಯಾಲೆ ಮೈಯಾಗ ನೀರಿಲ್ಲ, ಮೇ ತಿಂಗಳು ನಮ್ಮ ಕಡೆ ಬಿಸಿಲು ನಲವತ್ತು ದಾಟ್ತೈತಿ, ಅಂಜನಾದ್ರಿ ಮೆಟ್ಲು 575, ಆಮ್ಯಾಲೆ ವಿಠ್ಠಲ ಗುಡಿಗೆ ಬ್ಯಾಟರಿ ಗಾಡಿ ಪಾಳಿ, ಕಾದ ಹಂಚಿನಂಥ ಕಲ್ಲು. ನಾಲ್ಕೂವರೆ ವರ್ಷದ ಕೂಸಿಗೆ ನನಗ ಸಾಕಾಗೈತಿ ಅಂತ ಬಾಯಿ ಬಿಟ್ಟು ಹೇಳಾಕ ಬರಲ್ಲ, ನೆಲಕ್ಕ ಬಿದ್ದು ಹೇಳ್ತಾನ. ನಿಮ್ಮತ್ತಿ ಹೇಳಿದಂಗ ಇದು ಸಂಭಾಳ್ಸೋಕ ಬರೋದು ಬರದೇ ಇರೋದು ಅಲ್ಲವೇ ಅಲ್ಲ, ಆ ಪ್ಲಾನಿನೊಳಗ ಹೆತ್ತ ತಾಯಿ ಹತ್ತು ಮಂದಿ ಇದ್ರೂ ಸಂಭಾಳ್ಸೋಕ ಆಗ್ತಿರ್ಲಿಲ್ಲ. ಈ ಭಾರ ನಿಮ್ಮ ಎದಿ ಮ್ಯಾಲಿಂದ ಇವತ್ತ ಇಳಸ್ರಿ.

ಹಂಗಾರ ಈ ದಸರಾಕ್ಕ ಏನ್ ಮಾಡ್ಬೇಕು ಅಂದ್ರ, ಒಂದು ದಿನಕ್ಕ ಒಂದು ಜಾಗ, ಭಾಳ ಅಂದ್ರ ಎರಡು. ಮೈದುನನ ಮನಿಯವ್ರು ಎಲ್ಲಾ ನೋಡ್ಬೇಕು ಅಂದ್ರ ಅವ್ರು ಬ್ಯಾರೆ ಗಾಡಿ ಮಾಡ್ಲಿ, ಸಂಜಿಗೆ ಒಂದು ಕಡೆ ಸೇರ್ರಿ. ಬ್ಯಾಸರ ಮಾಡ್ಕೋತಾರ ಅಂತ ಹೆದರಬ್ಯಾಡ್ರಿ, ಮೇ ತಿಂಗಳದಾಗ ಅವ್ರಿಗೂ ಖುಷಿ ಆಗಿಲ್ಲ.

ನನ್ನ ಮಗಳಿಗೆ ಹತ್ತು ವರ್ಷ ಇದ್ದಾಗಿನ ಮಾತು ಹೇಳ್ತೀನಿ. ಕೊಪ್ಪಳದಿಂದ ಬೆಳಿಗ್ಗೆ ಹೊಂಟು ವಿರೂಪಾಕ್ಷ ಗುಡಿಗೆ ಹೋಗಿದ್ವಿ. ಗುಡಿ ಹಿಂದಿನ ಭಾಗದಾಗ ಒಂದು ಕತ್ತಲಿ ಜಾಗ ಐತಿ, ಸಣ್ಣ ಕಿಂಡ್ಯಾಗಿಂದ ಬೆಳಕು ಬಂದು ಎದುರು ಗೋಡಿ ಮ್ಯಾಲೆ ರಾಜಗೋಪುರ ತಲಿಕೆಳಗಾಗಿ ಬೀಳ್ತೈತಿ. ಮಂದಿ ಬರ್ತಾರ, ಹೌದಲ್ಲ ಅಂತಾರ, ಫೋಟೋ ಹೊಡಕೊಂಡು ಹೋಗ್ತಾರ. ಇಕಿ ಮಾತ್ರ ಅಲ್ಲೇ ನಿಂತುಬಿಟ್ಲು. ನನ್ನ ಬಿಳಿ ದುಪಟ್ಟಾ ಇಸ್ಕೊಂಡು ಎರಡೂ ಕೈಲೆ ಹಿಗ್ಗಿಸಿ ಹಿಡದು ಕಿಂಡಿ ಹತ್ರ ಹೋದ್ಲು, ಗೋಪುರ ಸಣ್ಣದಾತು, ಆದ್ರ ಫಳಫಳ ಅಂತಿತ್ತು, ಹಿಂದಕ್ಕ ಹಿಂದಕ್ಕ ಸರದ್ಲು, ದೊಡ್ಡದಾಗ್ತಾ ಮಬ್ಬಾಗ್ತಾ ಹೋತು. ಆಮ್ಯಾಲೆ, ಅಮ್ಮಾ ಗೋಪುರದ ಮ್ಯಾಲಿಂದ ಪಾರಿವಾಳ ಹಾರಿದ್ರ ಇಲ್ಲಿ ಕೆಳಮುಖ ಹಾರ್ತೈತೇನು ಅಂದ್ಲು. ಅದಕ್ಕ ಕಾದ್ವಿ. ನಮ್ಮನೆಯವ್ರು ಗಡಿಯಾರ ನೋಡಾಕತ್ತಿದ್ರು, ನಾನು ಅವ್ರ ಕೈ ಹಿಡದು ಸುಮ್ನ ನಿಲ್ಲಿಸಿದೆ. ಎಷ್ಟೋ ಹೊತ್ತಿನ ಮ್ಯಾಲೆ ದುಪಟ್ಟಾ ಮ್ಯಾಲೆ ಒಂದು ಕರಿ ಚುಕ್ಕಿ ಸರ್ ಅಂತ ಕೆಳಗ ಹೋತು, ಇಕಿ ಚೀರಿದ್ದಕ್ಕ ಅಲ್ಲಿದ್ದ ಮಂದಿ ಎಲ್ಲಾ ತಿರುಗಿ ನೋಡಿದ್ರು. ಆ ದಿನ ನಾವು ನೋಡಿದ್ದು ಅದೊಂದು, ಮತ್ತ ಗುಡಿ ಆನಿ. ಕಲ್ಲಿನ ರಥ ನೋಡ್ಲಿಲ್ಲ, ಕಮಲ ಮಹಲ್ ನೋಡ್ಲಿಲ್ಲ. ಹೈಸ್ಕೂಲಿನ್ಯಾಗ ಪಿನ್‌ಹೋಲ್ ಕ್ಯಾಮೆರಾ ಪಾಠ ಬಂದ ದಿನ ಮನಿಗೆ ಓಡಿ ಬಂದು, ಅಮ್ಮಾ ಅದ, ಪಾರಿವಾಳದ್ದು ಅಂದ್ಲು.

ನಿಮ್ಮ ಮಗಳಿಗೂ ಅಂಥ ಒಂದು ತಾಸು ಬೇಕು. ತಮ್ಮ ಇಲ್ಲದ ತಾಸು, ನೀವು ಇಲ್ಲಾ ಅಪ್ಪ ಯಾರರೇ ಒಬ್ಬರು ಆಕಿ ಜೊತಿ, ಆಕಿ ಆರಿಸಿದ ಜಾಗದಾಗ. ಆ ಹೊತ್ತಿನ್ಯಾಗ ಮಗನ ಜವಾಬ್ದಾರಿ ಇನ್ನೊಬ್ಬರದು. ಇಡೀ ಟ್ರಿಪ್ಪಿನೊಳಗ ತಮ್ಮನ್ನ ನೋಡ್ಕೋ ಅನ್ನೋ ಮಾತು ಒಮ್ಮೆನೂ ನಿಮ್ಮ ಬಾಯಾಗ ಬರಬಾರ್ದು, ಇದೊಂದನ್ನ ಕೈಮುಗಿದು ಕೇಳ್ಕೋತೀನಿ. ಆಕಿ ತಾನಾಗೇ ಪ್ರೀತಿಯಿಂದ ತಮ್ಮನ್ನ ಹಿಡ್ಕೊಂಡ್ರ ಬ್ಯಾಡ ಅನ್ನಬ್ಯಾಡ್ರಿ, ಆದ್ರ ನೀವು ಹೇಳಬ್ಯಾಡ್ರಿ.

ಸಣ್ಣಾವನಿಗೆ ಜಾಗ ಗೀಗ ಏನೂ ಬೇಕಾಗಿಲ್ಲ, ಅವನಿಗೆ ನೀರು, ಮಣ್ಣು, ಪ್ರಾಣಿ ಇದ್ರ ಸಾಕು. ಕಮಲಾಪುರದ ಹತ್ರ ಇರೋ ವಾಜಪೇಯಿ ಝೂ ಅವನಿಗೆ ಹೇಳಿ ಮಾಡಿಸಿದಂಗ ಐತಿ, ಸಫಾರಿನೂ ಐತಿ, ರಜಾ ದಿನ ಯಾವುದು ಅಂತ ಮೊದಲ ಕೇಳ್ಕೊಂಡು ಹೋಗ್ರಿ. ದರೋಜಿ ಕರಡಿ ಧಾಮ ಎಲ್ಲರೂ ಹೇಳ್ತಾರ, ಚಲೋ ಜಾಗನೂ ಹೌದು, ಆದ್ರ ಅಲ್ಲಿ ವಾಚ್ ಟವರ್ ಮ್ಯಾಲೆ ಸಂಜಿ ತನಕ ಪಿಟಕ್ ಅನ್ನದ ಕಾಯ್ಬೇಕು, ಕರಡಿ ದೂರ ಇರ್ತಾವ, ದುರ್ಬೀನು ಬೇಕು. ಮಗಳಿಗೆ ಸರಿ, ಮಗನಿಗೆ ಇನ್ನೂ ಎರಡು ಮೂರು ವರ್ಷ ಹೋಗ್ಲಿ. ಹೊಳಿಗೆ ಮಾತ್ರ ಇಳಿಸಬ್ಯಾಡ್ರಿ, ತುಂಗಭದ್ರಾದಾಗ ಸೆಳವು ಐತಿ, ಮೊಸಳಿನೂ ಅದಾವ, ಹರಿಗೋಲು ಹತ್ತಿದ್ರ ಲೈಫ್ ಜಾಕೆಟ್ ಇದ್ರಷ್ಟ ಹತ್ರಿ.

ಡ್ಯಾಂ ನೋಡ್ಬೇಕು ಅಂದ್ರ ಮುನಿರಾಬಾದ್ ಕಡಿಂದ ಹೋಗ್ರಿ, ಪಂಪಾವನದಾಗ ನೆರಳೈತಿ, ಓಡಾಡಾಕ ಜಾಗ ಐತಿ. ಒಂದು ಮಾತು, ನಿಮ್ಮೂರಿನ ಗದ್ದಿಗೆ ನೀರು ಬರೋದು ಆ ಎಡದಂಡಿ ಕಾಲುವಿಂದನ, ನಿಮ್ಮ ದಾರಿ ಉದ್ದಕ್ಕೂ ಕಾಲುವಿ ಕಾಣ್ತಾ ಬಿಡ್ತಾ ಬರ್ತೈತಿ. ಈ ನೀರು ಎಲ್ಲಿಂದ ಬರ್ತೈತಿ ಹುಡುಕೋಣು ಅಂತ ಮನಿಂದ ಹೊಂಡುವಾಗ ಹೇಳ್ರಿ, ಕಾಲುವಿ ಕಂಡಾಗೊಮ್ಮೆ ಯಾರು ಮೊದಲ ನೋಡಿದ್ರು ಅಂತ ಎಣಿಸ್ರಿ, ಕೊನಿಗೆ ಡ್ಯಾಂ ಮುಂದ ನಿಂತಾಗ ಮಕ್ಕಳು ತಾವ ಕಂಡು ಹಿಡದಂಗ ಆಗ್ತೈತಿ. ಅಲ್ಲಿ 33 ಗೇಟು ಅದಾವ, ಮಗನ್ನ ಹೆಗಲ ಮ್ಯಾಲೆ ಕುಂದರ್ಸಿಕೊಂಡು ಅಪ್ಪ ಎಣಿಸ್ಲಿ. 2024ರ ಆಗಸ್ಟಿನ್ಯಾಗ 19ನೇ ಗೇಟಿನ ಚೈನ್ ಹರದು ಗೇಟು ಕೊಚ್ಚಿ ಹೋದಾಗ ನಿಮ್ಮ ಮನ್ಯಾಗೂ ಬೆಳಿ ಚಿಂತಿ ಆಗಿರ್ತೈತಿ, ತುಂಬಿ ಹರಿಯೋ ನೀರಿನ ನಡುವ ಅದನ್ನ ಹೆಂಗ ಮುಚ್ಚಿದ್ರು ಅನ್ನೋ ಕತಿ ಅವರಪ್ಪ ಹೇಳ್ಬೇಕು, ಯಾವ ಕಾರ್ಟೂನೂ ಅದರ ಮುಂದ ನಿಲ್ಲಲ್ಲ.

ಗಾಡ್ಯಾಗ ಹೊತ್ತು ಕಳೆಯಾಕ ನಂಬರ್ ಪ್ಲೇಟ್ ಆಟ ಆಡ್ರಿ. ಕೆಎ 36 ಬಂದ್ರ ರಾಯಚೂರು, ನಿಮ್ಮ ಜಿಲ್ಲಾ. 37 ಕೊಪ್ಪಳ, 34 ಬಳ್ಳಾರಿ, 35 ಹೊಸಪೇಟೆ, 26 ಗದಗ, 25 ಧಾರವಾಡ. ಮಗಳ ಕೈಗೆ ಒಂದು ಸಣ್ಣ ನೋಟ್‌ಬುಕ್ ಕೊಡ್ರಿ, ಮಗ ಬಣ್ಣ ಹೇಳ್ಲಿ, ಆಕಿ ಊರು ಹೇಳ್ಲಿ. ಸಾಕಾದ್ರ ಒಗಟು ಹಾಕ್ರಿ, ಅತ್ತಿಗೆ ಕೇಳ್ರಿ ಹತ್ತಾರು ಬರ್ತಿರ್ತಾವ, ಅವರನ್ನೂ ಕರ್ಕೊಂಡು ಹೋದ್ರ ಇನ್ನೂ ಚಲೋ. ನಿಂದೆ ಮಾಡೋ ಬಾಯಿಗೆ ಮೊಮ್ಮಕ್ಕಳ ಮುಂದ ಕತಿ ಹೇಳೋ ಕೆಲಸ ಸಿಕ್ಕ್ರ ಅದು ಮೆತ್ತಗಾಗ್ತೈತಿ, ನಾನು ಎಷ್ಟೋ ಮನ್ಯಾಗ ನೋಡೀನಿ. ಮೊಬೈಲ್ ಪೂರ್ತಿ ಬಂದ್ ಅಂತ ನಾನು ಹೇಳಲ್ಲ, ಊಟಕ್ಕ ನಿಂತಾಗ ಅರ್ಧ ತಾಸು ನೋಡ್ಲಿ, ಓಡೋ ಗಾಡ್ಯಾಗ ಮಾತ್ರ ಬ್ಯಾಡ.

ಹೊಂಡೋದು ಆರರೊಳಗ ಹೊಂಡ್ರಿ. ಎರಡು ಇಡ್ಲಿ ಇಲ್ಲಾ ಬಾಳಿಹಣ್ಣು, ಅಷ್ಟ. ಮಗನ್ನ ಮುಂದಿನ ರಸ್ತಾ ಕಾಣೋ ಹಂಗ ನಡುವಿನ ಸಾಲಿನ್ಯಾಗ ಕುಂದರ್ಸ್ರಿ, ಡ್ರೈವರ್ ಪಕ್ಕದ ಸೀಟಿನ್ಯಾಗ ತೊಡಿ ಮ್ಯಾಲೆ ಬ್ಯಾಡ. ವಾಂತಿ ಗುಳಿಗಿ ಕೊಡೋದಿದ್ರ ಮಕ್ಕಳ ಡಾಕ್ಟರ್ ಹತ್ರ ತೂಕ ಹಾಕಿಸಿ ಕೇಳ್ರಿ, ದೊಡ್ಡವರ ಗುಳಿಗಿ ಅರ್ಧ ಮುರದು ಕೊಡಬಾರ್ದು. ಓಆರ್‌ಎಸ್ ಪುಡಿ ಎರಡು ಪಾಕೀಟು, ಪಾಕೀಟಿನ ಮ್ಯಾಲೆ ಎಷ್ಟು ನೀರು ಬರದಾರೋ ಅಷ್ಟರಾಗ ಪೂರ್ತಿ ಪಾಕೀಟು ಒಮ್ಮೆಗೇ ಕಲಸಬೇಕು, ಸ್ವಲ್ಪ ಸ್ವಲ್ಪ ಪುಡಿ ತಗದು ಕಲಸಬಾರ್ದು. ಹಳೆ ಟವೆಲ್, ಎರಡು ಕವರ್, ಒಂದು ಜೊತಿ ಬಟ್ಟಿ. ಬುತ್ತಿ ಕಟ್ಕೊಂಡು ಹೋಗ್ರಿ, ಮೊಸರನ್ನ, ಚಪಾತಿ, ಶೇಂಗಾ ಹಿಂಡಿ. ಹನ್ನೆರಡರಿಂದ ಮೂರೂವರಿ ತನಕ ಎಲ್ಲಿಗೂ ಹೋಗಬ್ಯಾಡ್ರಿ, ಮರದ ಕೆಳಗ ಚಾಪಿ ಹಾಸಿ ಮಲಗ್ರಿ. ಟ್ರಿಪ್ಪಿಗೆ ಬಂದು ಮಲಗೋದಾ ಅಂತ ಯಾರಾದ್ರೂ ಅಂದ್ರ ಅನ್ಲಿ.

ಈಗ ನಿಮ್ಮನೆಯವ್ರ ವಿಷಯ. ಅವ್ರು ಕೆಟ್ಟವ್ರಲ್ಲ, ನನಗ ಗೊತ್ತಾಗ್ತೈತಿ. ರಜಾ ಹಾಕಿ, ಗಾಡಿ ಬಾಡಿಗಿ ಕೊಟ್ಟು, ಎಲ್ಲರೂ ನಕ್ಕೋತ ಇರ್ಲಿ ಅಂತ ಆಸೆಪಟ್ಟಿರ್ತಾರ, ನಿಮ್ಮ ಮೈದುನನ ಮುಂದ ಮಗ ಬಿದ್ದು ಹೊಳ್ಳಾಡಿದಾಗ ಮಾನ ಹೋದಂಗ ಆಗೈತಿ, ಕೈ ಎದ್ದೈತಿ. ಕಾರಣ ಇದ್ದ ಮಾತ್ರಕ್ಕ ಅದು ಸರಿ ಆಗಲ್ಲ ತಂಗೀ. ವಾಂತಿ ಮಾಡ್ಕೊಂಡು ಬಸವಳಿದ ಕೂಸಿಗೆ ಮಂದಿ ಮುಂದ ಹೊಡದಿದ್ದು ತಪ್ಪು, ಮತ್ತ ಆ ತಪ್ಪು ಇನ್ನೂ ಮುಗಿದಿಲ್ಲ, ಯಾಕಂದ್ರ ಅದರ ಬಗ್ಗೆ ಮನ್ಯಾಗ ಯಾರೂ ಮಾತಾಡೇ ಇಲ್ಲ ಅಂತ ನೀವ ಬರದೀರಿ. ಮಕ್ಕಳು ಮಲಗಿದ ಮ್ಯಾಲೆ, ಚಾ ಕುಡಿಯೋ ಹೊತ್ತಿಗೆ, ಜಗಳದ ದನಿ ಇಲ್ಲದ ಹೇಳ್ರಿ. ನೀವು ಹೊಡದ್ರಿ ಅಂತ ಶುರು ಮಾಡಬ್ಯಾಡ್ರಿ, ಅವತ್ತು ಅವನಿಗೆ ಮೈಯಾಗ ಹುಷಾರಿರ್ಲಿಲ್ಲ, ನಮ್ಮಿಬ್ಬರಿಗೂ ಗೊತ್ತಾಗ್ಲಿಲ್ಲ ಅಂತ ಶುರು ಮಾಡ್ರಿ. ಆಮ್ಯಾಲೆ ಮಗನ ಹತ್ರ ಅವ್ರು ಒಂದು ಮಾತು ಹೇಳ್ಬೇಕು, ಅವತ್ತು ಅಪ್ಪ ಹೊಡಿಬಾರ್ದಿತ್ತು ಕಂದಾ ಅಂತ. ಅಷ್ಟು ಹೇಳಿದ್ರ ಅಪ್ಪನ ಮರ್ಯಾದಿ ಹೋಗಲ್ಲ. ಮಗಳು ಅಲ್ಲೇ ಇರ್ಲಿ, ಆಕಿನೂ ಕೇಳ್ಬೇಕು.

ಆ ಮಾತು ಆದ ಮರುದಿನ ಮಗಳ ಹತ್ರ ಕುಂದರ್ರಿ. ಟ್ರಿಪ್ಪಿನ ಸುದ್ದಿ ಮೊದಲ ತಗೀಬ್ಯಾಡ್ರಿ. ಮೇ ತಿಂಗಳು ದಿನಾ ಪೂರ್ತಿ ನಿನ್ನ ಕೈಲೆ ತಮ್ಮನ್ನ ಹಿಡಿಸಿದ್ವಿ, ನಿನಗ ಏನೂ ನೋಡಾಕ ಬಿಡ್ಲಿಲ್ಲ, ನನ್ನ ತಪ್ಪಾತು ಅಂತ ಹೇಳ್ರಿ. ಆಕಿ ಅಳಬಹುದು, ಅಳ್ಲಿ. ಆಮ್ಯಾಲೆ ಫೋನಿನ್ಯಾಗ ಮ್ಯಾಪ್ ತಗದು ಆಕಿ ಮುಂದ ಇಡ್ರಿ, ಒಂದು ಜಾಗ ನೀನ ಆರಿಸು ಅನ್ರಿ. ತಲಿಕೆಳಗಿನ ಗೋಪುರದ ಕತಿ ಹೇಳ್ರಿ. ಗಂಗಾವತಿ ಹತ್ರ ಹಿರೇಬೆಣಕಲ್ ಗುಡ್ಡದ ಮ್ಯಾಲೆ ಹಿಂದಿನ ಕಾಲದಾಗ ಚಪ್ಪಡಿ ನಿಲ್ಲಿಸಿ ಕಟ್ಟಿದ ಕಲ್ಲಿನ ಮನಿ ಅದಾವ, ಮೋರೇರ ಮನಿ ಅಂತಾರ, ಗಿಡ್ಡ ಗಿಡ್ಡ ಮಂದಿ ಇದ್ರು ಅಂತ ಹಳೇ ಕತಿ, ಅಲ್ಲೊಂದು ದೊಡ್ಡ ಗುಂಡು ಬಡದ್ರ ನಗಾರಿ ಹಂಗ ಸಪ್ಪಳ ಮಾಡ್ತೈತಿ, ಅದನ್ನೂ ಹೇಳ್ರಿ, ಗುಡ್ಡ ಹತ್ತಬೇಕು, ಅದಕ್ಕ ಆಕಿ ಮತ್ತ ಅಪ್ಪ ಇಬ್ಬರ ಹೋಗ್ಲಿ, ಊರಾಗ ದಾರಿ ಗೊತ್ತಿರೋರನ್ನ ಕರ್ಕೊಂಡು ಬೆಳಿಗ್ಗೆನ ಹೋಗ್ಲಿ. ಇಲ್ಲಾ ಕಿನ್ನಾಳಕ್ಕ ಹೋಗಿ ಚಿತ್ರಗಾರರು ಕಟಗಿ ಗೊಂಬಿಗೆ ಬಣ್ಣ ಹಚ್ಚೋದು ನೋಡ್ತೀನಿ ಅಂದ್ರ ಅದೂ ಆಗ್ಲಿ. ನಾನು ಎಲ್ಲಿಗೂ ಬರಲ್ಲ ಅಂತನ ಇನ್ನೂ ಅಂದ್ರ ಒತ್ತಾಯ ಮಾಡಬ್ಯಾಡ್ರಿ, ಆತು ಅಂತ ಎದ್ದು ಬರ್ರಿ. ಆ ನಂಬರ್ ಪ್ಲೇಟಿನ ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಆಕಿ ಹಾಸಿಗಿ ಹತ್ರ ಇಟ್ಟು ಬರ್ರಿ, ದಸರಾಕ್ಕ ಇನ್ನೂ ದಿನ ಅದಾವ.