ಕಿಂಡಿ ಕೊರೆಯುವ ಮುನ್ನ

ಸರ್, ಕಾರವಾರದ ಶೆಡ್ಡಿನಲ್ಲಿರುವ ಎರಡು ಆಸನದ ಅಲ್ಯೂಮಿನಿಯಂ ವಿಮಾನದ ರೆಕ್ಕೆಗೆ ಇನ್ನೆರಡು ತಪಾಸಣಾ ಕಿಂಡಿ ಕೂಡಿಸಬಹುದೇ ಎಂದು ಕೇಳಿದ್ದೀರಿ. ಕೂಡಿಸಬಹುದು, ಆದರೆ ಡ್ರಿಲ್ ಹಿಡಿಯುವುದು ಕೊನೆಯ ಕೆಲಸ. ನೋಂದಣಿಯಾದ ವಿಮಾನವಾದರೆ ಇದು ಮಾರ್ಪಾಡು. ಅನುಮೋದಿತ ನಕ್ಷೆ ಬೇಕು. ತಯಾರಕರ ಬಳಿ ಸಿದ್ಧ ಕಿಟ್ ಇದೆಯೇ ಎಂದು ಮೊದಲು ಕೇಳಿ.

ರೆಕ್ಕೆಯ ತಗಡು ಬರಿಯ ಹೊದಿಕೆಯಲ್ಲ, ತಿರುಚುವ ಬಲವನ್ನೂ ಹೊರುತ್ತದೆ. ತೂತು ಮಾಡಿದರೆ ಆ ಬಲ ಅಂಚಿನ ಸುತ್ತ ಒಟ್ಟುಗೂಡುತ್ತದೆ. ಆದ್ದರಿಂದ ಕಿಂಡಿ ಕೆಳಮೈಯಲ್ಲಿರಲಿ, ಎರಡು ರಿಬ್‌ಗಳ (ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳ) ನಡುವೆ, ಸ್ಪಾರ್ (ರೆಕ್ಕೆಯುದ್ದದ ಮುಖ್ಯ ತೊಲೆ) ಮತ್ತು ಸ್ಟ್ರಿಂಗರ್‌ಗಳನ್ನು (ತಗಡಿಗೆ ಒಳಗಿನಿಂದ ಬಲ ಕೊಡುವ ಉದ್ದಪಟ್ಟಿಗಳನ್ನು) ಮುಟ್ಟದಂತೆ. ದುಂಡಗಿರಲಿ, ಚೂಪು ಮೂಲೆ ಬೇಡವೇ ಬೇಡ. ಒಳಗಿನಿಂದ ಡಬ್ಲರ್ ಉಂಗುರ (ತೂತಿನ ಸುತ್ತ ಬಲ ಕೊಡುವ ಹೆಚ್ಚುವರಿ ತಗಡು) ರಿವೆಟ್ ಮಾಡಿ, ಅದಕ್ಕೆ ನಟ್‌ಪ್ಲೇಟ್ (ತಗಡಿಗೇ ಅಂಟಿ ನಿಲ್ಲುವ ನಟ್) ಕೂರಿಸಿದರೆ ಮುಚ್ಚಳ ಸ್ಕ್ರೂಗಳಿಂದ ಗಟ್ಟಿಯಾಗಿ ನಿಲ್ಲುತ್ತದೆ. ಕೊರೆದ ಅಂಚನ್ನು ಉಗುರು ತಡೆಯದಷ್ಟು ನಯ ಮಾಡಿ. ಸಣ್ಣ ಗೀರೊಂದು ಸಾಕು, ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಇನ್ನು ನಮ್ಮ ಕರಾವಳಿಯ ಉಪ್ಪುಗಾಳಿ. ಕಿಟಕಿಯ ಸರಳನ್ನೇ ಬಿಡದ ಅದು ರೆಕ್ಕೆಯನ್ನು ಬಿಟ್ಟೀತೇ? ಅಂಚಿಗೆ ಪ್ರೈಮರ್ ಬಳಿಯದೆ ಮುಚ್ಚಳ ಹಾಕಬೇಡಿ. ಸ್ಟೀಲ್ ಸ್ಕ್ರೂ, ಅಲ್ಯೂಮಿನಿಯಂ, ಉಪ್ಪಿನ ತೇವ ಮೂರೂ ಕೂಡಿದರೆ ಸ್ಕ್ರೂವಿನ ಸುತ್ತ ಬಿಳಿ ಪುಡಿ ಏಳುತ್ತದೆ, ಅದೇ ಅಲ್ಯೂಮಿನಿಯಂನ ತುಕ್ಕು.

ಬರಿಯ ತುಕ್ಕು ನೋಡುವುದಷ್ಟೇ ಉದ್ದೇಶವಾದರೆ, ಈಗಿರುವ ಕಿಂಡಿಯಿಂದ ಬೋರೋಸ್ಕೋಪ್ (ತೆಳ್ಳನೆಯ ನಳಿಕೆಯ ತುದಿಯ) ಕ್ಯಾಮೆರಾ ಇಳಿಸಿ ನೋಡಿ. ಹೊಸ ತೂತೇ ಬೇಡವಾಗಬಹುದು.