8 ಜಿಬಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕಲಬುರಗಿಯಲ್ಲೇ ಗೇಮ್ ಇಂಜಿನ್ ಕಲಿಯಬಹುದಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಬಿ.ಎಸ್ಸಿ. ಎರಡನೇ ವರ್ಷ, ಮನೆ ಕಲಬುರಗಿ, ಕೈಯಲ್ಲಿ 8 ಜಿಬಿ ರ‍್ಯಾಮ್ ಲ್ಯಾಪ್‌ಟಾಪ್, ಕಲಿಯಬೇಕಿರುವುದು ಅನ್‌ರಿಯಲ್ ಅನ್ನುವ ಗೇಮ್ ಇಂಜಿನ್, ಅಂದರೆ ಆಟ ತಯಾರಿಸುವ ಸಾಫ್ಟ್‌ವೇರ್. ಇಲ್ಲೇ ಕಲಿಯಬಹುದಾ, ಇಲ್ಲ ಬೆಂಗಳೂರಿಗೆ ಹೋಗಿ ಕೋರ್ಸ್ ಸೇರಬೇಕಾ ಅಂತ ಕೇಳಿದ್ದೀರಿ. ಕೆಲವು ವರ್ಷದ ಹಿಂದೆ ನಾನೂ ಇದನ್ನೇ ಸಿಕ್ಕಸಿಕ್ಕವರಿಗೆಲ್ಲ ಕೇಳುತ್ತಿದ್ದೆ.

ಇಲ್ಲೇ ಕಲಿಯಬಹುದು. ಆದರೆ ಆ ಲ್ಯಾಪ್‌ಟಾಪ್‌ನಲ್ಲಿ ಅನ್‌ರಿಯಲ್‌ನಿಂದ ಶುರು ಮಾಡಬೇಡಿ.

ನಾನು ಗೇಮ್ ಕಂಪನಿಯಲ್ಲಿ ಕೆಲಸ ಮಾಡಿದವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸೂಪರ್ ಮಾರ್ಕೆಟ್ ಹತ್ತಿರ ಝೆರಾಕ್ಸ್ ಅಂಗಡಿ ಇದೆ, ಆನ್‌ಲೈನ್ ಅರ್ಜಿ ತುಂಬಿಕೊಡುತ್ತೇನೆ. ಇಲ್ಲಿಯವರೆಗೆ ಎರಡು ಸಣ್ಣ ಆಟ ಪೂರ್ತಿ ಮಾಡಿದ್ದೇನೆ. ಅರ್ಧಕ್ಕೆ ಬಿಟ್ಟವು ಆರೇಳು ಇರಬೇಕು.

ಅನ್‌ರಿಯಲ್ 5 ಬಂದದ್ದು 2022ರ ಏಪ್ರಿಲ್‌ನಲ್ಲಿ. ಏಪ್ರಿಲ್ ಅಂದರೆ ನಮ್ಮೂರಲ್ಲಿ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಹತ್ತಾರು ಜಿಬಿ ಇಳಿಸಿಕೊಳ್ಳೋದಕ್ಕೇ ಮೂರು ರಾತ್ರಿ ಹೋಯಿತು. ನಾಲ್ಕನೇ ದಿನ ಮಧ್ಯಾಹ್ನ ಮೊದಲ ಪ್ರಾಜೆಕ್ಟ್ ತೆರೆದೆ. ಶೇಡರ್ (ಬಣ್ಣ, ಬೆಳಕು ಮೂಡಿಸುವ ಸಣ್ಣ ಪ್ರೋಗ್ರಾಂಗಳು) ಕಂಪೈಲ್ ಆಗುತ್ತಿದೆ ಅಂತ ಮೂಲೆಯಲ್ಲಿ ಸಾವಿರಗಟ್ಟಲೆ ಎಣಿಕೆ ಕಾಣಿಸಿತು. ಲ್ಯಾಪ್‌ಟಾಪ್ ರೊಟ್ಟಿ ಹಂಚಿನ ಹಾಗೆ ಕಾಯ್ದು ತಾನೇ ಆಫ್ ಆಯಿತು. ಟೇಬಲ್ ಫ್ಯಾನ್ ಅದರ ಕಡೆ ತಿರುಗಿಸಿ ನಾನು ಬೆವರುತ್ತಾ ಕೂತದ್ದೂ ಉಂಟು, ಏನೂ ಉಪಯೋಗ ಆಗಲಿಲ್ಲ. ಅನ್‌ರಿಯಲ್ 5ಕ್ಕೆ 32 ಜಿಬಿ ರ‍್ಯಾಮ್ ಇದ್ದರೆ ಒಳ್ಳೆಯದು ಅಂತ ಅದನ್ನು ಮಾಡಿದ ಎಪಿಕ್ ಗೇಮ್ಸ್‌ನವರೇ ಬರೆದಿದ್ದಾರೆ. ನಾನು ಓದಿದ್ದು ಆಮೇಲೆ.

ಆಗ ಯೂನಿಟಿ ಅನ್ನುವ ಇನ್ನೊಂದು ಇಂಜಿನ್‌ಗೆ ಬಂದೆ. ಅದಕ್ಕೆ ಸಿ ಶಾರ್ಪ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬೇಕು. ಕಾಲೇಜಿನಲ್ಲಿ ಜಾವಾ ಸ್ವಲ್ಪ ಮಾಡಿದ್ದರೆ ಒಂದು ವಾರದಲ್ಲಿ ಕೈ ಕೂರುತ್ತದೆ.

ಮೊದಲ ಆಟ ಯಾವುದು ಮಾಡಬೇಕು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಆನ್‌ಲೈನ್‌ನಲ್ಲಿ ನೂರು ಜನ ಸೇರಿ ಆಡುವ ಯುದ್ಧದ ಆಟ ನಿಮ್ಮ ತಲೆಯಲ್ಲಿದ್ದರೆ ಅದನ್ನು ಈಗ ಪಕ್ಕಕ್ಕಿಡಿ. ನಾನು ಆರಿಸಿಕೊಂಡದ್ದು ಜೋಳದ ಹೊಲ. ಅಟ್ಟದ ಮೇಲೆ ನಿಂತು ಕವಣೆಯಿಂದ ಕಲ್ಲು ಬೀಸಿ ಹಕ್ಕಿ ಓಡಿಸಬೇಕು. ಒಂದು ಹೊಲ, ಒಂದು ಕಲ್ಲು, ಒಂದೇ ಜಾತಿಯ ಹಕ್ಕಿ. ಹದಿನೈದು ದಿನದ ಕೆಲಸ ಅಂದುಕೊಂಡಿದ್ದೆ. ಐದು ತಿಂಗಳಾಯಿತು.

ಆ ಐದು ತಿಂಗಳಲ್ಲಿ ಕಲಿತದ್ದು ಯಾವ ವಿಡಿಯೋದಿಂದಲೂ ಬರಲಿಲ್ಲ. ಉದಾಹರಣೆಗೆ, ನನ್ನ ಲ್ಯಾಪ್‌ಟಾಪ್‌ನಲ್ಲಿ ಹಕ್ಕಿ ಆರಾಮಾಗಿ ಹಾರುತ್ತಿತ್ತು. ಗೆಳೆಯನ ಗೇಮಿಂಗ್ ಪಿಸಿಗೆ ಹಾಕಿದರೆ ಕಣ್ಣಿಗೇ ಬೀಳದಷ್ಟು ಜೋರು. ಯೂನಿಟಿಯಲ್ಲಿ ಅಪ್‌ಡೇಟ್ ಅನ್ನುವ ಫಂಕ್ಷನ್ ಪ್ರತಿ ಫ್ರೇಮಿಗೆ, ಅಂದರೆ ಪರದೆ ಮೇಲೆ ಮೂಡುವ ಒಂದೊಂದು ಚಿತ್ರಕ್ಕೆ, ಒಂದು ಸಲ ಓಡುತ್ತದೆ. ಫ್ರೇಮಿಗೆ 0.1 ಮೀಟರ್ ಮುಂದೆ ಹೋಗು ಅಂತ ನಾನು ಬರೆದಿದ್ದೆ. ಸೆಕೆಂಡಿಗೆ 30 ಫ್ರೇಮ್ ಬರುವ ಕಡೆ ಅದು 3 ಮೀಟರ್, 60 ಬರುವ ಕಡೆ 6 ಮೀಟರ್, ಇನ್ನೂ ಜಾಸ್ತಿ ಬಂದರೆ ಕೇಳಲೇಬೇಡಿ. ವೇಗವನ್ನು ಸೆಕೆಂಡಿನ ಲೆಕ್ಕದಲ್ಲಿ ಬರೆದು ಡೆಲ್ಟಾ ಟೈಮ್‌ನಿಂದ ಗುಣಿಸಬೇಕು, ಅಂದರೆ ಹಿಂದಿನ ಫ್ರೇಮ್‌ನಿಂದ ಈ ಫ್ರೇಮ್‌ವರೆಗೆ ಹೋದ ಸಮಯದಿಂದ. ಈ ಪಾಠ ಎಲ್ಲಾ ಪುಸ್ತಕದ ಮೊದಲ ಅಧ್ಯಾಯದಲ್ಲೇ ಇರುತ್ತದೆ. ನಾನೂ ಓದಿದ್ದೆ. ಗೆಳೆಯ ಬಿದ್ದು ಬಿದ್ದು ನಕ್ಕ ಮೇಲೆ ತಲೆಗೆ ಹೋಯಿತು.

ಇನ್ನೊಂದು ಪಾಠ ಕಲಿಸಿದವರು ನಮ್ಮ ಅಂಗಡಿಗೆ ಪಹಣಿ ತೆಗೆಸಲು ಬಂದಿದ್ದ ಒಬ್ಬ ಕಾಕಾ. ಸರ್ವರ್ ಡೌನ್ ಇತ್ತು, ಸುಮ್ನೆ ಕೂತಿದ್ದರು. ಫೋನ್‌ನಲ್ಲಿ ಆಟ ಹಾಕಿ ಕೈಗೆ ಕೊಟ್ಟೆ. ಎರಡು ನಿಮಿಷ ಆಡಿ, "ಹಕ್ಕಿ ಒಂದೊಂದೇ ಎಲ್ಲಿ ಬರ್ತಾವ ತಮ್ಮಾ, ಹಿಂಡಿಗೆ ಹಿಂಡೇ ಬಂದು ಬೀಳ್ತಾವ" ಅಂದರು. ಮಾತು ಖರೆ. ಆ ರಾತ್ರಿಯೇ ಹಿಂಡು ತಂದೆ. ಐವತ್ತು ಹಕ್ಕಿ ಬಂದ ಕೂಡಲೇ ಫೋನ್ ಗಕ್ಕನೆ ನಿಂತು ನಿಂತು ಓಡತೊಡಗಿತು.

ತಪ್ಪು ಇಷ್ಟೇ: ಪ್ರತಿ ಸಲ ಹೊಸ ಹಕ್ಕಿ ಹುಟ್ಟಿಸಿ, ಹಾರಿಹೋದದ್ದನ್ನು ಅಳಿಸುತ್ತಿದ್ದೆ. ಸಿ ಶಾರ್ಪ್‌ನಲ್ಲಿ ಹೀಗೆ ಬಿಸಾಡಿದ ಕಸವನ್ನು ಆಗಾಗ ಗುಡಿಸಲಾಗುತ್ತದೆ, ಗುಡಿಸುವ ಹೊತ್ತಿಗೆ ಆಟ ತಡವರಿಸುತ್ತದೆ. ಇದಕ್ಕೆ ಆಬ್ಜೆಕ್ಟ್ ಪೂಲಿಂಗ್ ಅನ್ನುವ ಉಪಾಯ ಇದೆ. ಬಯಲಾಟದಲ್ಲಿ ಇಬ್ಬರೇ ಸೈನಿಕರು ಪರದೆ ಹಿಂದಿನಿಂದ ಸುತ್ತಿ ಸುತ್ತಿ ಬಂದು ದೊಡ್ಡ ದಂಡಾಗುತ್ತಾರಲ್ಲ, ಅದೇ. ಅರವತ್ತು ಹಕ್ಕಿ ಮೊದಲೇ ಮಾಡಿಟ್ಟುಕೊಳ್ಳಿ. ಕೆಲಸ ಮುಗಿದದ್ದನ್ನು ಅಳಿಸದೆ ಮರೆ ಮಾಡಿ, ಬೇಕಾದಾಗ ಮತ್ತೆ ಕರೆಯಿರಿ.

ಈಗ ಕೋರ್ಸ್ ವಿಷಯ. ನಾನು ಒಂದು ಕಡೆ 35,000 ರೂಪಾಯಿ ಕಟ್ಟಿ ಮೂರು ತಿಂಗಳು ಕಲಿತೆ. ಅವರು ಒತ್ತು ಅಂದದ್ದನ್ನು ಒತ್ತಿದೆ, ಆಟ ಬಂತು, ಸರ್ಟಿಫಿಕೇಟೂ ಬಂತು. ಮನೆಗೆ ಬಂದು ಖಾಲಿ ಪ್ರಾಜೆಕ್ಟ್ ತೆರೆದರೆ ಮೊದಲು ಏನು ಮಾಡಬೇಕು ಅಂತಲೇ ತಿಳಿಯಲಿಲ್ಲ. ಎಲ್ಲ ಕೋರ್ಸೂ ಹಾಗೆ ಅನ್ನಲ್ಲ. ಆದರೆ ಒಂದು ಆಟ ನೀವೇ ಮುಗಿಸುವವರೆಗೆ ದುಡ್ಡು ಕಟ್ಟಬೇಡಿ. ಅದೇ ದುಡ್ಡಲ್ಲಿ ರ‍್ಯಾಮ್ 16 ಜಿಬಿ ಮಾಡಿಸಿ, ಒಂದು ಎಸ್‌ಎಸ್‌ಡಿ ಹಾಕಿಸಿ.

ಬೆಂಗಳೂರೇ ಯಾಕೆ ಅನ್ನುವುದೂ ನನಗೆ ಅರ್ಥ ಆಗಲ್ಲ. ನಮಗೆ ಹೈದರಾಬಾದ್ ಹತ್ತಿರ, ಅಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್‌ನ ಸ್ಟುಡಿಯೋ ಇದೆ. ಪುಣೆಗೆ ನೇರ ರೈಲಿದೆ. 2020ರಲ್ಲಿ ಬಂದ 'ರಾಜಿ' ಆಟವನ್ನು ಅನ್‌ರಿಯಲ್‌ನಲ್ಲಿ ಮಾಡಿದ್ದು ಪುಣೆಯ ಒಂದು ಸಣ್ಣ ತಂಡ. ಅದಿರಲಿ, ಕೆಲಸದ ಮಾತು ಆಮೇಲಿನದು.

ಕನ್ನಡದಲ್ಲಿ ಆಟ ಮಾಡುವ ಆಸೆ ಇದ್ದರೆ ಇದನ್ನು ಗಮನ ಇಟ್ಟು ಓದಿ. ಯಾರೂ ನನಗೆ ಮೊದಲೇ ಹೇಳಲಿಲ್ಲ. ಯೂನಿಟಿಯಲ್ಲಿ ಅಕ್ಷರ ಹಾಕಲು ಟೆಕ್ಸ್ಟ್‌ಮೆಶ್ ಪ್ರೊ ಬಳಸುತ್ತಾರೆ. ಕನ್ನಡ ಫಾಂಟ್ ಹಾಕಿ 'ಕಲಬುರಗಿ' ಅಂತ ಬರೆದೆ. ಕೊನೆಯ 'ಗಿ' ಸ್ವಲ್ಪ ಸೊಟ್ಟ ಅನ್ನಿಸಿದರೂ ಪರವಾಗಿಲ್ಲ ಅಂದುಕೊಂಡೆ. ಆಮೇಲೆ 'ಅಪ್ಪನ ಗುಡಿ' ಅಂತ ಬರೆದರೆ ಒತ್ತಕ್ಷರ ಕೆಳಗೆ ಇಳಿಯಲೇ ಇಲ್ಲ. ಒಂದು ಪ್, ಪಕ್ಕಕ್ಕೆ ಇನ್ನೊಂದು ಪ. ಕನ್ನಡದ ಅಕ್ಷರಗಳು ಒಂದರ ಜೊತೆ ಒಂದು ಸೇರಿ ರೂಪ ಬದಲಿಸುತ್ತವೆ. ಅದನ್ನು ಲೆಕ್ಕ ಹಾಕುವ ಭಾಗ ಅದರೊಳಗೆ ಇರಲಿಲ್ಲ. ಹಾಗಾಗಿ ಮಾತುಗಳನ್ನೆಲ್ಲ ಬೇರೆ ಕಡೆ ಬರೆದು ಚಿತ್ರ ಮಾಡಿ ಅಂಟಿಸಿದೆ. ಅಂಕ ಮಾತ್ರ ಅಕ್ಷರವಾಗಿಯೇ ಉಳಿಯಿತು, ಅಂಕೆಗೆ ಒತ್ತಕ್ಷರದ ಕಾಟ ಇಲ್ಲವಲ್ಲ!

2023ರ ಮಾರ್ಚ್‌ನಲ್ಲಿ ಗೋಡೋ ಅನ್ನುವ ಮತ್ತೊಂದು ಇಂಜಿನ್‌ನ 4ನೇ ಆವೃತ್ತಿ ಬಂತು. ಅದರಲ್ಲಿ ಇದೇ 'ಅಪ್ಪನ ಗುಡಿ' ಮೊದಲ ಸಲಕ್ಕೇ ಸರಿಯಾಗಿ ಮೂಡಿತು. ಸುಳ್ಳು ಯಾಕೆ, ಆ ದಿನ ಪರದೆಯ ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿದೆ. ಎರಡನೇ ಆಟ ಪೂರ್ತಿ ಅದರಲ್ಲೇ ಮಾಡಿದೆ. ಗೋಡೋ ಶುರುವಾದದ್ದು ಅರ್ಜೆಂಟೀನಾದಲ್ಲಿ. 2014ರಿಂದ ಅದರ ಕೋಡ್ ಎಲ್ಲರಿಗೂ ತೆರೆದಿದೆ. ಇಂಜಿನ್ ಬರೀ ನೂರು ಎಂಬಿ ಆಸುಪಾಸು, ಬರೆಯುವ ಭಾಷೆ ಪೈಥಾನ್ ಥರ. ಫೋನ್‌ಗೆ ಕಳಿಸಲು ಬೇಕಾದ ಎಕ್ಸ್‌ಪೋರ್ಟ್ ಟೆಂಪ್ಲೇಟ್ ಇಂಜಿನ್‌ಗಿಂತ ಎಷ್ಟೋ ಪಟ್ಟು ದೊಡ್ಡದು, ಅದನ್ನು ವೈ-ಫೈ ಇದ್ದಾಗ ಇಳಿಸಿಕೊಳ್ಳಿ. ನಿಮ್ಮ ಲ್ಯಾಪ್‌ಟಾಪ್‌ಗೆ ನನ್ನ ಆಯ್ಕೆ ಇದೇ.

ದುಡ್ಡಿನ ಭಯ ಬೇಡ. ಗೋಡೋ ಪೂರ್ತಿ ಉಚಿತ. ಅನ್‌ರಿಯಲ್‌ನವರು ಒಂದು ಆಟದಿಂದ 10 ಲಕ್ಷ ಡಾಲರ್ ದಾಟಿದ ಮೇಲಷ್ಟೇ ಪಾಲು ಕೇಳುತ್ತಾರೆ. ಯೂನಿಟಿ 2023ರಲ್ಲಿ ಪ್ರತಿ ಇನ್‌ಸ್ಟಾಲ್‌ಗೆ ಶುಲ್ಕ ಅಂತ ಘೋಷಿಸಿ ದೊಡ್ಡ ಗದ್ದಲ ಆಗಿತ್ತು, ಮುಂದಿನ ವರ್ಷ ಅದನ್ನು ಕೈಬಿಟ್ಟಿತು.

ಈಗ ನಾನು ಕೋಟೆಯೊಳಗಿನ ಜಾಮಿ ಮಸೀದಿ ಕಟ್ಟುತ್ತಿದ್ದೇನೆ, ಬ್ಲೆಂಡರ್ ಅನ್ನುವ 3ಡಿ ಮಾಡೆಲ್ ಮಾಡುವ ಸಾಫ್ಟ್‌ವೇರ್‌ನಲ್ಲಿ. 1367ರ ಕಟ್ಟಡ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಕಟ್ಟಡ ಸಿಗಲ್ಲ. ಒಂದು ಕಂಬ, ಒಂದು ಕಮಾನು ಸರಿಯಾಗಿ ಮಾಡಿದರೆ ಅದನ್ನೇ ಸಾಲು ಸಾಲಾಗಿ ನಿಲ್ಲಿಸಬಹುದು. ಒಂದೇ ಮಾಡೆಲ್ ಆದ್ದರಿಂದ ಗ್ರಾಫಿಕ್ಸ್ ಮೇಲೆ ಭಾರವೂ ಕಡಿಮೆ. ಕಷ್ಟ ಇರುವುದು ಬೆಳಕಿನಲ್ಲಿ. ಬೇರೆ ಮಸೀದಿಗಳ ಹಾಗೆ ತೆರೆದ ಅಂಗಳ ಇಲ್ಲ, ಇಡೀ ಕಟ್ಟಡಕ್ಕೆ ಚಾವಣಿ ಇದೆ. ಬೆಳಕು ಪಕ್ಕದಿಂದ ಬಂದು ಕಂಬಗಳ ನಡುವೆ ಮೆತ್ತಗಾಗುತ್ತಾ ಹೋಗುತ್ತದೆ. ಅದನ್ನು ಮೊದಲೇ ಲೆಕ್ಕ ಹಾಕಿಡಲು ರಾತ್ರಿಯಿಡೀ ಕಂಪ್ಯೂಟರ್ ಬಿಟ್ಟಿದ್ದೆ. ಬೆಳಗಿನ ಜಾವ ಕರೆಂಟ್ ಹೋಯಿತು. ಯುಪಿಎಸ್ ಇಲ್ಲ, ಬ್ಯಾಟರಿ ಸತ್ತು ವರ್ಷವಾಗಿದೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇದೆಯಾ ಅಂತ ನೀವು ಬರೆದಿಲ್ಲ. ಮಾಡೆಲ್ ನಂಬರ್ ಹೇಳಿ, 3ಡಿ ಕೆಲಸವನ್ನು ಅದು ಎಷ್ಟರಮಟ್ಟಿಗೆ ತಾಳಿಕೊಳ್ಳುತ್ತದೆ ನೋಡೋಣ.